ತೂತು ಕಾರ್ಡಿನ ಹರ್ಮನ್ ಹೊಲೆರಿತ್



ನಿಮ್ಮ ಮನೆಗೆ ಗಣತಿಗೆಂದು ಯಾರಾದರೂ ಬಂದದ್ದನ್ನು ನೋಡಿದ್ದೀರಾ? ಹಾಗೆ ಬರುವವರು ಅನೇಕ ಸಲ ನಿಮ್ಮ ಶಾಲೆಯ ಮೇಷ್ಟ್ರೋ ಟೀಚರೋ ಆಗಿರುತ್ತಾರೆ. ಮನೆಯಲ್ಲಿ ಎಷ್ಟು ಜನ, ಯಾರಿಗೆ ಎಷ್ಟು ವಯಸ್ಸು, ಜಮೀನು ಎಷ್ಟು, ದನಕರು ಎಷ್ಟು ಎಂದು ಕೇಳಿ ಬರೆದುಕೊಳ್ಳುತ್ತಾರೆ. ಒಂದು ಮನೆಯ ಉತ್ತರ ಬರೆಯುವುದು ಸುಲಭ. ಆದರೆ ಕೋಟಿಗಟ್ಟಲೆ ಜನರ ಉತ್ತರಗಳನ್ನು ಎಣಿಸುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದ ಒಬ್ಬ ಎಂಜಿನಿಯರ್ ಅವರ ಕಥೆಯನ್ನು ಈಗ ತಿಳಿಯೋಣ.

ಕಾಗುಣಿತಕ್ಕೆ ಹೆದರಿದ ಹುಡುಗ

ಹರ್ಮನ್ ಹೊಲೆರಿತ್ ಹುಟ್ಟಿದ್ದು 1860ರ ಫೆಬ್ರುವರಿ 29ರಂದು, ಅಮೆರಿಕದ ಬಫಲೋ ನಗರದಲ್ಲಿ. ತಂದೆ ತಾಯಿ ಜರ್ಮನಿಯಿಂದ ವಲಸೆ ಬಂದವರು. ಅವರ ಹುಟ್ಟಿದ ದಿನ ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಬರುತ್ತಿತ್ತು. 1900 ಅಧಿಕ ವರ್ಷವಲ್ಲದ ಕಾರಣ, 1896ರ ನಂತರ ಮತ್ತೊಂದು ಹುಟ್ಟುಹಬ್ಬಕ್ಕೆ ಅವರು ಎಂಟು ವರ್ಷ ಕಾಯಬೇಕಾಯಿತು! 1900 ಏಕೆ ಅಧಿಕ ವರ್ಷವಲ್ಲ ಎಂಬುದನ್ನು ನಿಮ್ಮ ಶಿಕ್ಷಕರಲ್ಲಿ ಕೇಳಿ ತಿಳಿಯಿರಿ.

ಹೊಲೆರಿತ್ ಅವರಿಗೆ ಶಾಲೆಯಲ್ಲಿ ಕಾಗುಣಿತದ ಪಾಠವೆಂದರೆ ಆಗುತ್ತಿರಲಿಲ್ಲ. ಆ ಪಾಠ ತಪ್ಪಿಸಿಕೊಳ್ಳಲು ಒಮ್ಮೆ ಕಿಟಕಿಯಿಂದ ಹಾರಿ ಓಡಿದರೆಂದು ಹೇಳುತ್ತಾರೆ. ಮುಂದೆ ಅವರಿಗೆ ಮನೆಯಲ್ಲೇ ಪಾಠ ನಡೆಯಿತು. ಆದರೂ ಅವರು ಹಿಂದೆ ಬೀಳಲಿಲ್ಲ. 19ನೆಯ ವಯಸ್ಸಿಗೇ, ಅಂದರೆ 1879ರಲ್ಲಿ, ಕೊಲಂಬಿಯಾ ಕಾಲೇಜಿನ ಗಣಿಗಾರಿಕೆ ವಿಭಾಗದಿಂದ ಎಂಜಿನಿಯರ್ ಆಗಿ ಹೊರಬಂದರು. ಅವರ ಗುರುಗಳೊಬ್ಬರು ಅವರನ್ನು ಅಮೆರಿಕದ ಜನಗಣತಿ ಕಚೇರಿಗೆ ಕೆಲಸಕ್ಕೆ ಕರೆದೊಯ್ದರು.

ಮುಗಿಯದ ಲೆಕ್ಕ

ಅಲ್ಲಿ ಹೊಲೆರಿತ್ ಕಂಡದ್ದೇನು? 1880ರ ಗಣತಿಯಲ್ಲಿ ಸುಮಾರು 5 ಕೋಟಿ ಜನರ ಮಾಹಿತಿ ಬಂದಿತ್ತು. ಗುಮಾಸ್ತರು ಹಾಳೆಗಳನ್ನು ಒಂದೊಂದಾಗಿ ತಿರುವಿ, ಗೆರೆ ಎಳೆದು, ಕೈಯಿಂದಲೇ ಎಣಿಸಬೇಕಿತ್ತು. ಈ ಲೆಕ್ಕವೆಲ್ಲ ಮುಗಿಯಲು ಏಳು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಮೆರಿಕದಲ್ಲಿ ಪ್ರತಿ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆಯಲೇಬೇಕು. ಯಾವ ರಾಜ್ಯಕ್ಕೆ ಎಷ್ಟು ಜನಪ್ರತಿನಿಧಿಗಳು ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ. ಜನಸಂಖ್ಯೆಯಂತೂ ಬೆಳೆಯುತ್ತಲೇ ಇತ್ತು. ಹೀಗೇ ಆದರೆ ಹಳೆಯ ಲೆಕ್ಕ ಮುಗಿಯುವ ಮೊದಲೇ ಹೊಸ ಗಣತಿ ಬಂದುಬಿಡುತ್ತಿತ್ತು!

ಈ ಕೆಲಸಕ್ಕೆ ಒಂದು ಯಂತ್ರ ಬೇಕು ಎಂಬ ಸೂಚನೆಯನ್ನು ಹೊಲೆರಿತ್ ಅವರಿಗೆ ಕೊಟ್ಟವರು ಕಚೇರಿಯ ಹಿರಿಯರಾದ ಡಾ. ಜಾನ್ ಶಾ ಬಿಲ್ಲಿಂಗ್ಸ್. ಆ ಮಾತು ತರುಣನ ತಲೆಯಲ್ಲಿ ಕುಳಿತಿತು.

ರೈಲು ಟಿಕೆಟ್ಟಿನ ಪಾಠ

ಹೊಲೆರಿತ್ ಮೊದಲು ಉದ್ದನೆಯ ಕಾಗದದ ಪಟ್ಟಿಯಲ್ಲಿ ತೂತು ಮಾಡಿ ನೋಡಿದರು. ಆದರೆ ಒಂದು ಮಾಹಿತಿ ಹುಡುಕಲು ಇಡೀ ಪಟ್ಟಿಯನ್ನೇ ಬಿಚ್ಚಬೇಕಾಗುತ್ತಿತ್ತು. ಆಗ ಅವರಿಗೆ ರೈಲು ಪ್ರಯಾಣದಲ್ಲಿ ಕಂಡದ್ದೊಂದು ನೆನಪಾಯಿತು. ಟಿಕೆಟ್ಟನ್ನು ಬೇರೆಯವರು ಬಳಸದಿರಲೆಂದು ಕಂಡಕ್ಟರ್ ಪ್ರಯಾಣಿಕನ ಕೂದಲು, ಕಣ್ಣು, ಮೂಗುಗಳ ಗುರುತನ್ನು ಟಿಕೆಟ್ಟಿನ ಗೊತ್ತಾದ ಜಾಗಗಳಲ್ಲಿ ತೂತು ಮಾಡಿ ದಾಖಲಿಸುತ್ತಿದ್ದ. ಅದರಂತೆಯೇ ಒಬ್ಬ ಮನುಷ್ಯನಿಗೆ ಒಂದು ಕಾರ್ಡು, ಒಂದೊಂದು ಉತ್ತರಕ್ಕೆ ಒಂದೊಂದು ಜಾಗ ಎಂದು ಹೊಲೆರಿತ್ ನಿರ್ಧರಿಸಿದರು.

1890ರ ಗಣತಿ ಕಾರ್ಡಿನಲ್ಲಿ ವಯಸ್ಸನ್ನು ತೋರಿಸಿದ ರೀತಿ ಸೊಗಸಾಗಿದೆ. 0, 5, 10, 15 ಹೀಗೆ ಐದೈದರ ಜಾಗಗಳು ಒಂದು ಕಡೆ. 0, 1, 2, 3, 4ರ ಜಾಗಗಳು ಇನ್ನೊಂದು ಕಡೆ. 12 ವರ್ಷದ ಹುಡುಗಿಗೆ 10ರಲ್ಲಿ ಒಂದು ತೂತು, 2ರಲ್ಲಿ ಒಂದು ತೂತು. 37 ವರ್ಷದವರಿಗೆ? 35ರಲ್ಲಿ ಒಂದು, 2ರಲ್ಲಿ ಒಂದು. ನಿಮ್ಮ ವಯಸ್ಸಿಗೆ ಎಲ್ಲೆಲ್ಲಿ ತೂತು ಬೀಳುತ್ತದೆ, ಹೇಳಿ ನೋಡೋಣ.

ಯಂತ್ರ ಎಣಿಸುವುದು ಹೇಗೆ?

ಕಾಗದ ವಿದ್ಯುತ್ ಅವಾಹಕ, ಪಾದರಸ ವಾಹಕ ಎಂದು ನೀವು ಓದಿದ್ದೀರಿ. ಹೊಲೆರಿತ್ ಯಂತ್ರದ ಗುಟ್ಟು ಇಷ್ಟೇ. ಕಾರ್ಡಿನ ಕೆಳಗೆ ಪಾದರಸ ತುಂಬಿದ ಪುಟ್ಟ ಬಟ್ಟಲುಗಳು, ಮೇಲೆ ಸ್ಪ್ರಿಂಗ್ ಹಾಕಿದ ಲೋಹದ ಸೂಜಿಗಳು. ಹಿಡಿಯನ್ನು ಒತ್ತಿದಾಗ ತೂತು ಇಲ್ಲದ ಕಡೆ ಕಾಗದ ಸೂಜಿಯನ್ನು ತಡೆಯುತ್ತದೆ. ತೂತು ಇರುವ ಕಡೆ ಸೂಜಿ ಕೆಳಗಿಳಿದು ಪಾದರಸವನ್ನು ಮುಟ್ಟುತ್ತದೆ. ವಿದ್ಯುತ್ ಮಂಡಲ ಪೂರ್ಣವಾಗುತ್ತದೆ. ವಿದ್ಯುತ್ಕಾಂತವು ಗಡಿಯಾರದಂಥ ಒಂದು ಮುಖದ ಮುಳ್ಳನ್ನು ಒಂದು ಮನೆ ಮುಂದಕ್ಕೆ ತಳ್ಳುತ್ತದೆ. ಯಂತ್ರದಲ್ಲಿ ಇಂಥ 40 ಮುಖಗಳಿದ್ದವು. ಪ್ರತಿಯೊಂದೂ 9,999ರವರೆಗೆ ಎಣಿಸಬಲ್ಲದಾಗಿತ್ತು. (ಪಾದರಸ ವಿಷಕಾರಿ. ಅದನ್ನು ಎಂದೂ ಕೈಯಿಂದ ಮುಟ್ಟಬೇಡಿ.)

ಇನ್ನೊಂದು ಜಾಣತನವೂ ಇತ್ತು. ಕಾರ್ಡು ಸರಿಯಾಗಿ ಓದಲ್ಪಟ್ಟರೆ ಗಂಟೆ ಬಾರಿಸುತ್ತಿತ್ತು. ಗಂಟೆ ಸುಮ್ಮನಿದ್ದರೆ ಕಾರ್ಡಿನಲ್ಲಿ ಏನೋ ತಪ್ಪಿದೆ ಎಂದು ತಿಳಿದು ಗುಮಾಸ್ತರು ಅದನ್ನು ಮತ್ತೆ ಪರೀಕ್ಷಿಸುತ್ತಿದ್ದರು.

1889ರಲ್ಲಿ ಗಣತಿ ಕಚೇರಿ ಮೂರು ವಿಧಾನಗಳ ನಡುವೆ ಸ್ಪರ್ಧೆ ಇಟ್ಟಿತು. ಉತ್ತರಗಳನ್ನು ಕಾರ್ಡಿಗೆ ಇಳಿಸಲು ಹೊಲೆರಿತ್ ವಿಧಾನಕ್ಕೆ 72 ಗಂಟೆ 27 ನಿಮಿಷ ಬೇಕಾಯಿತು. ಉಳಿದೆರಡಕ್ಕೆ 100 ಗಂಟೆಗೂ ಹೆಚ್ಚು. ಎಣಿಕೆಯಲ್ಲಂತೂ ಯಂತ್ರ ಐದೂವರೆ ಗಂಟೆಯಲ್ಲಿ ಮುಗಿಸಿದ್ದನ್ನು ಮುಗಿಸಲು ಉಳಿದವರಿಗೆ 40 ಗಂಟೆಗೂ ಹೆಚ್ಚು ಹಿಡಿಯಿತು. 1890ರ ಗಣತಿಗೆ ಹೊಲೆರಿತ್ ಯಂತ್ರವೇ ಆಯ್ಕೆಯಾಯಿತು. ದೇಶದ ಒಟ್ಟು ಜನಸಂಖ್ಯೆ 6 ಕೋಟಿ ದಾಟಿದೆ ಎಂಬುದು ಆ ವರ್ಷ ಮುಗಿಯುವ ಮೊದಲೇ ತಿಳಿಯಿತು.

ಸೊನ್ನೆಗೂ ಒಂದು ಜಾಗ

ತಲೆ ಎಣಿಸುವುದು ಒಂದು ಕೆಲಸ, ಸಂಖ್ಯೆಗಳನ್ನು ಕೂಡುವುದು ಇನ್ನೊಂದು. ರೈಲ್ವೆ ಕಂಪನಿಗೆ ಸರಕಿನ ತೂಕ ಮತ್ತು ಬಾಡಿಗೆಯನ್ನು ಕೂಡಬೇಕಿತ್ತು. 1900ರ ಗಣತಿಯಲ್ಲಿ ರೈತರ ಜಮೀನು ಮತ್ತು ಬೆಳೆಯನ್ನು ಕೂಡಬೇಕಿತ್ತು. ಇದಕ್ಕೆ ಹೊಲೆರಿತ್ ಹಿಡಿದ ದಾರಿ ನಿಮಗೆ ಚೆನ್ನಾಗಿ ಗೊತ್ತಿರುವ ಸ್ಥಾನಬೆಲೆಯದು. ನೂರರ ಸ್ಥಾನಕ್ಕೆ ಒಂದು ಕಂಬಸಾಲು, ಹತ್ತರ ಸ್ಥಾನಕ್ಕೆ ಒಂದು, ಬಿಡಿಗೆ ಒಂದು. ಪ್ರತಿ ಸಾಲಿನಲ್ಲೂ 0ಯಿಂದ 9ರವರೆಗೆ ಹತ್ತು ಜಾಗ.

ಈ ವಿಧಾನದಲ್ಲಿ ಮೂರು ಸಾಲುಗಳಿರುವ ಕಡೆ 85 ಎಂಬುದನ್ನು 085 ಎಂದು ತೂತು ಮಾಡಬೇಕು. ತಪ್ಪಿ ಮೊದಲ ಎರಡು ಸಾಲುಗಳಲ್ಲಿ ಮಾಡಿದರೆ ಅದು 850 ಆಗಿಬಿಡುತ್ತದೆ! ಎರಡೇ ಸಾಲು ಇಟ್ಟಿದ್ದರೆ 100 ಹಿಡಿಸುವುದಿಲ್ಲ. ಆದ್ದರಿಂದ ಅತಿ ದೊಡ್ಡ ಉತ್ತರ ಎಷ್ಟಿರಬಹುದೆಂದು ಮೊದಲೇ ಯೋಚಿಸಬೇಕು. ಸೊನ್ನೆಯನ್ನೂ ಮರೆಯುವಂತಿಲ್ಲ. 0 ಎಂದರೆ ಮನೆಯಲ್ಲಿ ಹಸು ಇಲ್ಲ ಎಂದರ್ಥ. ಖಾಲಿ ಬಿಟ್ಟರೆ? ಹಸು ಇಲ್ಲವೋ, ಕೇಳಲು ಮರೆತರೋ ಯಾರಿಗೂ ತಿಳಿಯದು.

ಏರು, ಜಾರು

ಹೊಲೆರಿತ್ 1896ರಲ್ಲಿ ಸ್ವಂತ ಕಂಪನಿ ಕಟ್ಟಿದರು. ಯಂತ್ರಗಳನ್ನು ಮಾರದೆ ಬಾಡಿಗೆಗೆ ಕೊಡುತ್ತಿದ್ದರು. ಬಾಡಿಗೆ ಬಹಳ ಹೆಚ್ಚಾಯಿತೆಂದು ಗಣತಿ ಕಚೇರಿ ತಕರಾರು ಎತ್ತಿತು. ಅವರೂ ಬಗ್ಗಲಿಲ್ಲ. ಕೊನೆಗೆ ಅವರನ್ನು ಬೆಳೆಸಿದ ಗಣತಿ ಕೆಲಸವೇ ಕೈತಪ್ಪಿತು. 1910ರ ಗಣತಿಗೆ ಕಚೇರಿ ತನ್ನದೇ ಯಂತ್ರಗಳನ್ನು ಮಾಡಿಸಿಕೊಂಡಿತು. 1911ರಲ್ಲಿ ಹೊಲೆರಿತ್ ಕಂಪನಿ ಬೇರೆ ಕಂಪನಿಗಳೊಂದಿಗೆ ಸೇರಿತು. ಆ ಸಂಸ್ಥೆಗೆ 1924ರಲ್ಲಿ ಬಂದ ಹೆಸರೇ ಐಬಿಎಂ. 1929ರ ನವೆಂಬರ್ 17ರಂದು ವಾಷಿಂಗ್ಟನ್ ನಗರದಲ್ಲಿ ಹೊಲೆರಿತ್ ತೀರಿಕೊಂಡರು.

ಮೊಬೈಲಿನಲ್ಲೂ ಅದೇ ಪಾಠ

2025ರಲ್ಲಿ ಕರ್ನಾಟಕದಲ್ಲಿ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಶಿಕ್ಷಕರು ಮೊಬೈಲಿನಲ್ಲೇ ಉತ್ತರ ತುಂಬಿದರು. ತೂತು ಹೋಯಿತು, ಆದರೆ ಹೊಲೆರಿತ್ ಅವರ ಪ್ರಶ್ನೆಗಳು ಉಳಿದಿವೆ. ನಮ್ಮದೇ ಒಂದು ಉದಾಹರಣೆ ನೋಡಿ. ಎರಡೂವರೆ ಎಕರೆ ಎಂದರೆ 2 ಎಕರೆ 20 ಗುಂಟೆ. ಇದನ್ನು ಒಬ್ಬರು 2.5 ಎಂದೂ ಇನ್ನೊಬ್ಬರು 2.20 ಎಂದೂ ಬರೆದರೆ ಏನಾಗುತ್ತದೆ? ಕಂಪ್ಯೂಟರಿಗೆ 2.20 ಎಂದರೆ ಎರಡು ಎಕರೆಯ ಮೇಲೆ ಎಕರೆಯ ಹತ್ತರಲ್ಲಿ ಎರಡು ಭಾಗ, ಅಂದರೆ 8 ಗುಂಟೆ ಮಾತ್ರ. ಬಡ ರೈತನ 12 ಗುಂಟೆ ಲೆಕ್ಕದಲ್ಲೇ ಮಾಯ! ಎಕರೆಗೆ ಒಂದು ಚೌಕ, ಗುಂಟೆಗೆ ಇನ್ನೊಂದು ಚೌಕ ಇಟ್ಟು, ಗುಂಟೆಯ ಚೌಕದಲ್ಲಿ 0ಯಿಂದ 39ರವರೆಗಿನ ಅಂಕಿ ಮಾತ್ರ ಹಿಡಿಯುವಂತೆ ಮಾಡಿದರೆ ಈ ತಪ್ಪು ಆಗುವುದಿಲ್ಲ. ವಯಸ್ಸಿನ ಚೌಕದಲ್ಲಿ 150 ಎಂದು ಒತ್ತಿದರೆ ಒಪ್ಪದ ಮೊಬೈಲು, ಬಾರಿಸದೆ ಉಳಿದ ಆ ಹಳೆಯ ಗಂಟೆಯ ಮೊಮ್ಮಗನೇ ಸರಿ. ಆದರೆ 12ರ ಬದಲು 21 ಒತ್ತಿದರೆ ಅದೂ ಮೋಸಹೋಗುತ್ತದೆ. ಆಗ ಬೇಕಾಗುವುದು ಬರೆಯುವವರ ಎಚ್ಚರವೇ.

ನೀವೂ ಮಾಡಿ ನೋಡಿ

ನಿಮ್ಮ ತರಗತಿಯ ಸಮೀಕ್ಷೆಗೆ ಒಂದು ಹಾಳೆ ತಯಾರಿಸಿ. ವಯಸ್ಸು, ಮನೆಯ ಜನರ ಸಂಖ್ಯೆ, ಮನೆಯಿಂದ ಶಾಲೆಗೆ ನಡೆಯಲು ಬೇಕಾಗುವ ನಿಮಿಷ — ಈ ಮೂರೇ ಪ್ರಶ್ನೆ ಸಾಕು. ಪ್ರತಿ ಉತ್ತರಕ್ಕೆ ಎಷ್ಟು ಚೌಕ ಬೇಕು? ಅತಿ ಕಡಿಮೆ ಎಷ್ಟು, ಅತಿ ಹೆಚ್ಚು ಎಷ್ಟು ಇರಬಹುದು? ಉತ್ತರ ಗೊತ್ತಿಲ್ಲದಿದ್ದರೆ ಹೇಗೆ ಗುರುತಿಸುವುದು? ಇವನ್ನು ಗುಂಪಿನಲ್ಲಿ ಚರ್ಚಿಸಿ ತೀರ್ಮಾನಿಸಿ, ಆಮೇಲೆ ಎಲ್ಲರನ್ನೂ ಕೇಳಿ ತುಂಬಿ, ಕೂಡಿ. ಕಾಗುಣಿತಕ್ಕೆ ಹೆದರಿ ಓಡಿದ ಹುಡುಗ ಒಂದು ದೇಶವನ್ನೇ ಎಣಿಸಿದ ಬಗೆ ಆಗ ನಿಮಗೆ ಇನ್ನಷ್ಟು ಚೆನ್ನಾಗಿ ಅರ್ಥವಾಗುತ್ತದೆ.