ಹೆಲ್ಸಿಂಕಿಯ ಚಿನ್ನ, ಪ್ರಾಗ್‌ನ ಸಹಿ

1952ರ ಜುಲೈ 27ರಂದು ಹೆಲ್ಸಿಂಕಿ ಒಲಿಂಪಿಕ್ಸ್‌ನ ಮ್ಯಾರಥಾನ್‌ಗೆ ಸಜ್ಜಾಗಿ ನಿಂತಿದ್ದ ಜೆಕೊಸ್ಲೊವಾಕಿಯಾದ ಎಮಿಲ್ ಝಾಟೊಪೆಕ್ ಅವರು ಅದಕ್ಕೆ ಮೊದಲು ಒಂದೂ ಮ್ಯಾರಥಾನ್ ಓಡಿದವರಲ್ಲ. 2 ಗಂಟೆ 23 ನಿಮಿಷಗಳ ಬಳಿಕ ಚಿನ್ನ ಅವರದಾಗಿತ್ತು. ಅದೇ ಕೂಟದಲ್ಲಿ 5,000 ಮೀ. ಹಾಗೂ 10,000 ಮೀ. ಓಟಗಳನ್ನೂ ಅವರು ಗೆದ್ದಿದ್ದರು. ಒಂದೇ ಒಲಿಂಪಿಕ್ಸ್‌ನಲ್ಲಿ ಈ ಮೂರನ್ನೂ ಗೆದ್ದ ಮತ್ತೊಬ್ಬ ಓಟಗಾರ ಇಂದಿಗೂ ಬಂದಿಲ್ಲ.

ಮೊರಾವಿಯಾ ಪ್ರಾಂತ್ಯದ ಬಡಗಿಯೊಬ್ಬರ ಮಗನಾಗಿ 1922ರ ಸೆಪ್ಟೆಂಬರ್ 19ರಂದು ಜನಿಸಿದ ಝಾಟೊಪೆಕ್, ಹದಿಹರೆಯದಲ್ಲೇ ಜ್ಲೀನ್ ಪಟ್ಟಣದ ಬಾಟಾ ಪಾದರಕ್ಷೆ ಕಾರ್ಖಾನೆಗೆ ಸೇರಿದರು. 1941ರಲ್ಲಿ ಕಾರ್ಖಾನೆಯವರ ಒತ್ತಾಯಕ್ಕೆ ಮಣಿದು ಒಲ್ಲದ ಮನಸ್ಸಿನಿಂದ ಓಡಿದ ಸ್ಪರ್ಧೆಯಲ್ಲಿ ದ್ವಿತೀಯ ಸ್ಥಾನ ಪಡೆದರು. ಓಟದ ನಂಟು ಬೆಳೆದದ್ದು ಅಲ್ಲಿಂದ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ 10,000 ಮೀ. ಚಿನ್ನ ಹಾಗೂ 5,000 ಮೀ. ಬೆಳ್ಳಿ ಗೆದ್ದರು. ಅದೇ ವರ್ಷ ಜಾವೆಲಿನ್ ಎಸೆತಗಾರ್ತಿ ಡಾನಾ ಅವರನ್ನು ವರಿಸಿದರು. ಇಬ್ಬರೂ ಹುಟ್ಟಿದ್ದು ಒಂದೇ ದಿನ. ಹೆಲ್ಸಿಂಕಿಯಲ್ಲಿ ಪತಿ 5,000 ಮೀ. ಗೆದ್ದ ದಿನವೇ ಪತ್ನಿಯೂ ಚಿನ್ನ ಗೆದ್ದರು. ಚಿಕ್ಕ ದೂರಗಳನ್ನು ವೇಗವಾಗಿ, ಮತ್ತೆ ಮತ್ತೆ ಓಡುವ ಕಠಿಣ ಅಭ್ಯಾಸ ಅವರದು. ಓಡುವಾಗ ಮುಖ ಹಿಂಡಿಕೊಂಡು ತಲೆಯನ್ನು ಅತ್ತಿತ್ತ ಹೊರಳಿಸುತ್ತಿದ್ದ ಆ ಶೈಲಿಗೆ ಅಂದವಿರಲಿಲ್ಲ. ಆದರೆ 1954ರಲ್ಲಿ 10,000 ಮೀ. ದೂರವನ್ನು 29 ನಿಮಿಷಗಳ ಒಳಗೆ ಕ್ರಮಿಸಿದ ಮೊದಲಿಗರು ಅವರೇ.

ಶಸ್ತ್ರಚಿಕಿತ್ಸೆಯಿಂದ ಆಗಷ್ಟೇ ಚೇತರಿಸಿಕೊಂಡಿದ್ದ ಅವರು 1956ರ ಮೆಲ್ಬರ್ನ್ ಮ್ಯಾರಥಾನ್‌ನಲ್ಲಿ ಆರನೆಯವರಾದರು. ಮರುವರ್ಷ ಸ್ಪರ್ಧಾಕಣದಿಂದ ನಿವೃತ್ತರಾದರು. ಹಲವು ವಿಶ್ವದಾಖಲೆಗಳಿದ್ದರೂ ಒಲಿಂಪಿಕ್ ಚಿನ್ನ ಒಲಿಯದಿದ್ದ ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಪ್ರಾಗ್‌ಗೆ ಬಂದಾಗ, ತಮ್ಮ ಹೆಲ್ಸಿಂಕಿ ಪದಕಗಳಲ್ಲೊಂದನ್ನು ಸದ್ದಿಲ್ಲದೆ ಅವರ ಕೈಗಿತ್ತು ಬೀಳ್ಕೊಟ್ಟರು.

ನಿಜವಾದ ಪರೀಕ್ಷೆ ಎದುರಾದದ್ದು 1968ರಲ್ಲಿ. ಸೇನೆಯ ಅಧಿಕಾರಿಯೂ ಕಮ್ಯುನಿಸ್ಟ್ ಪಕ್ಷದ ಸದಸ್ಯರೂ ಆಗಿದ್ದ ಝಾಟೊಪೆಕ್, ಸುಧಾರಣೆಗಳನ್ನು ಬೆಂಬಲಿಸಿದ 'ಎರಡು ಸಾವಿರ ಪದಗಳು' ಎಂಬ ಪ್ರಣಾಳಿಕೆಗೆ ಸಹಿ ಹಾಕಿದರು. ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದಾಗ ಬಹಿರಂಗವಾಗಿ ಪ್ರತಿಭಟಿಸಿದರು. ಅದಕ್ಕಾಗಿ ಸೇನೆ, ಪಕ್ಷ ಎರಡರಿಂದಲೂ ಉಚ್ಚಾಟಿತರಾದರು. ನಾಲ್ಕು ಒಲಿಂಪಿಕ್ ಚಿನ್ನಗಳ ಒಡೆಯ ಮನೆಯಿಂದ ದೂರವಾಗಿ, ನೆಲ ಕೊರೆಯುವ ತಂಡದಲ್ಲಿ ವರ್ಷಗಟ್ಟಲೆ ದೈಹಿಕ ದುಡಿಮೆ ಮಾಡಬೇಕಾಯಿತು.

ಕಮ್ಯುನಿಸ್ಟ್ ಆಡಳಿತ ಪತನಗೊಂಡ ಮೇಲೆ, 1990ರಲ್ಲಿ, ಕಸಿದುಕೊಂಡ ಗೌರವ ಅವರಿಗೆ ಮರಳಿ ದೊರೆಯಿತು. 2000ರ ನವೆಂಬರ್‌ನಲ್ಲಿ ಅವರು ನಿಧನರಾದಾಗ ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ಅಂತಿಮ ನಮನ ಸಲ್ಲಿಸಲಾಯಿತು. ಮೂವತ್ತೆರಡು ವರ್ಷಗಳ ಹಿಂದೆ ಅವರು ಬೆಲೆ ತೆತ್ತು ನಿಂತ ನಗರವೇ ಅವರನ್ನು ಬೀಳ್ಕೊಟ್ಟಿತು.