ರೈಸ್ ಸಾಹೇಬರೂ ಕೂಟಶಾಸನಗಳೂ

ಮದ್ದೂರು ತಾಲ್ಲೂಕಿನ ಆತಕೂರಿನ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿಗಳು ವಿರಳ. ಮಣಲೆರನೆಂಬ ವೀರನ ಬೇಟೆನಾಯಿ ಕಾಳಿ, ದೊಡ್ಡ ಹಂದಿಯೊಂದನ್ನು ಕೊಂದು ತಾನೂ ಮಡಿದುದನ್ನು ಹೇಳುವ ಕ್ರಿ. ಶ. ೯೪೯-೫೦ರ ವೀರಗಲ್ಲು ಆ ಊರಿನದು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಂಡ್ಯದಲ್ಲಿ ಕನ್ನಡ ಪಾಠ ಹೇಳುವ ನಾನು ಪ್ರತಿವರ್ಷವೂ ಈ ಶಾಸನಕ್ಕೆ ಬಂದಾಗ, ಇದನ್ನು ತಮ್ಮ ಸಂಪುಟದಲ್ಲಿ ಅಚ್ಚು ಮಾಡಿಸಿದ ಬೆಂಜಮಿನ್ ಲೂಯಿಸ್ ರೈಸ್ ಅವರನ್ನು ನೆನೆಯುತ್ತೇನೆ. ನೆನೆದಾಗಲೆಲ್ಲ ನಾನು ಮಾಡಿದ ತಪ್ಪೊಂದು ಎದುರಿಗೆ ಬಂದು ನಿಲ್ಲುತ್ತದೆ. ಅದನ್ನು ಹೇಳುವ ಮೊದಲು ಆ ಮಹನೀಯರ ಬಾಳಿನ ಮಾತು ಆಗಬೇಕು.

ರೈಸ್ ಅವರು ಹುಟ್ಟಿದುದು ಬೆಂಗಳೂರಿನಲ್ಲಿಯೇ, ೧೮೩೭ರ ಜುಲೈ ೧೭ರಂದು. ತಂದೆ ಲಂಡನ್ ಮಿಷನ್ನಿನ ಪಾದ್ರಿಗಳು. ಇಂಗ್ಲೆಂಡಿನಲ್ಲಿ ಓದು ಮುಗಿಸಿದ ಮಗ ೧೮೬೦ರಲ್ಲಿ ಹಿಂದಿರುಗಿ ಬೆಂಗಳೂರಿನ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು. ಮುಂದೆ ಶಾಲೆಗಳ ತನಿಖಾಧಿಕಾರಿಗಳೂ, ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳೂ ಆದರು. ತನಿಖೆಗೆಂದು ಸಂಸ್ಥಾನವನ್ನು ಸುತ್ತುವಾಗ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತ ಕಲ್ಲುಗಳು ಅವರನ್ನು ಸೆಳೆದುವು. ಮೇಜರ್ ಡಿಕ್ಸನ್ ಎಂಬವರು ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದಿ ಅನುವಾದಿಸುವ ಕೆಲಸ ಅವರ ಪಾಲಿಗೆ ಬಂದಿತು. ಅದರ ಫಲವಾಗಿ ೧೮೭೯ರಲ್ಲಿ ಒಂದು ಗ್ರಂಥ ಹೊರಬಿದ್ದಿತು. ಆಮೇಲೆ ಪುರಾತತ್ತ್ವ ಸಂಶೋಧನೆಯ ಹೊಣೆಯನ್ನೇ ಹೊತ್ತು, ಕನ್ನಡ ಪಂಡಿತರ ನೆರವಿನಿಂದ ‘ಎಪಿಗ್ರಾಫಿಯ ಕರ್ನಾಟಿಕ’ದ ೧೨ ಸಂಪುಟಗಳಲ್ಲಿ ಸುಮಾರು ೯,೦೦೦ ಶಾಸನಗಳನ್ನು ಪ್ರಕಟಿಸಿದರು. ೧೮೯೪ರ ಮೂರನೆಯ ಸಂಪುಟದಲ್ಲಿ ಮಂಡ್ಯ, ಮಳವಳ್ಳಿಗಳ ಶಾಸನಗಳಿವೆ. ಮಂಡ್ಯ ಆಗ ಜಿಲ್ಲೆಯಾಗಿರಲಿಲ್ಲ. ಆತಕೂರು ಮಂಡ್ಯ ತಾಲ್ಲೂಕಿನ ಲೆಕ್ಕಕ್ಕೇ ಸೇರಿತ್ತು.

ಕಲ್ಲಿನ ಶಾಸನಗಳಿಂದ ರೈಸ್ ಅವರಿಗೆ ಕೀರ್ತಿ ಬಂದರೆ, ತಾಮ್ರಪಟಗಳಿಂದ ಕಲಹ ಬಂದಿತು. ತಲಕಾಡಿನ ಗಂಗರ ಚರಿತ್ರೆಯನ್ನು ಅವರು ಕಟ್ಟಿದುದು ಬಹುಮಟ್ಟಿಗೆ ಈ ಪಟಗಳ ಮೇಲೆ. ಮುಂಬಯಿ ಪ್ರಾಂತದ ಅಧಿಕಾರಿಗಳೂ ಶಾಸನವಿದ್ಯೆಯಲ್ಲಿ ಅತಿ ನಿಷ್ಠುರರೂ ಆದ ಜಾನ್ ಫೇತ್‌ಫುಲ್ ಫ್ಲೀಟ್ ಅವರು, ಗಂಗರ ಪಟಗಳೆಲ್ಲ ಕೂಟಶಾಸನಗಳು, ಅವುಗಳ ವಂಶಾವಳಿ ಕಟ್ಟುಕಥೆ ಎಂದು ಸಾರಿದರು. ನಮ್ಮ ಮಂಡ್ಯ ತಾಲ್ಲೂಕಿನ ಹಲ್ಲೆಗೆರೆಯಲ್ಲಿ ದೊರೆತ, ಶಕ ೬೩೫ರ, ಎಂದರೆ ಕ್ರಿ. ಶ. ೭೧೩ರ ಶಿವಮಾರನ ತಾಮ್ರಪಟವೂ ಆ ಆಪಾದನೆಗೆ ಒಳಗಾಯಿತು.

ಫ್ಲೀಟರ ಸಂಶಯ ಬರಿಯ ಹಟವಾಗಿರಲಿಲ್ಲ. ತಾಮ್ರಪಟವೆಂದರೆ ಹಿಂದಿನವರ ಭೂಮಿಯ ಹಕ್ಕುಪತ್ರ. ಪತ್ರ ಕಳೆದುಹೋದಾಗ, ಇಲ್ಲವೆ ಹಕ್ಕೇ ಸಡಿಲವಾಗಿದ್ದಾಗ, ಹಳೆಯ ಅರಸನ ಹೆಸರಿನಲ್ಲಿ ಹೊಸ ಪಟವನ್ನು ಕೊರೆಸಿದವರು ಎಲ್ಲ ಕಾಲದಲ್ಲಿಯೂ ಇದ್ದರು. ಆದರೆ ಕೊರೆದವನ ಕೈ ಅವನನ್ನೇ ಹಿಡಿದುಕೊಡುತ್ತದೆ: ಅಕ್ಷರ ಅವನ ಕಾಲದ್ದಾಗಿಬಿಡುತ್ತದೆ, ತಿಥಿಗೂ ವಾರಕ್ಕೂ ಹೊಂದುವುದಿಲ್ಲ, ವಂಶಾವಳಿ ಬೇರೆ ಶಾಸನಗಳೊಡನೆ ಜಗಳವಾಡುತ್ತದೆ. ಶಕ ೧೬೯ರದೆಂದು ಹೇಳಿಕೊಳ್ಳುವ ತಂಜಾವೂರಿನ ಗಂಗ ಪಟ ಇಂಥದೇ. ರೈಸ್ ಅವರು ಪಟಗಳನ್ನು ಅಗತ್ಯಕ್ಕಿಂತ ಹೆಚ್ಚಾಗಿ ನಂಬಿದರೆಂಬುದನ್ನು ಅವರ ಅಭಿಮಾನಿಯಾದ ನಾನೂ ಒಪ್ಪಬೇಕು. ಫ್ಲೀಟರು ಅಗತ್ಯಕ್ಕಿಂತ ಹೆಚ್ಚಾಗಿ ಅಲ್ಲಗಳೆದರೆಂಬುದೂ ಅಷ್ಟೇ ನಿಜ. ಪೆನುಕೊಂಡದ ಗಂಗ ಪಟ ಬೆಳಕಿಗೆ ಬಂದಾಗ, ತಮ್ಮ ಕಡೆಗಾಲದಲ್ಲಿ ಅದನ್ನು ನೈಜವೆಂದು ಅವರೇ ಒಪ್ಪಿಕೊಂಡರು. ಹಲ್ಲೆಗೆರೆಯ ಪಟವನ್ನು ಮುಂದಿನ ಚರಿತ್ರಕಾರರು ಶಿವಮಾರನ ಕಾಲಕ್ಕೆ ಆಧಾರವಾಗಿ ಹಿಡಿದಿದ್ದಾರೆ.

ಈ ವಿವಾದದಲ್ಲಿ ಗೆದ್ದವರು ಯಾರೆಂಬುದಕ್ಕಿಂತ ಅದು ನಡೆಯಲು ಸಾಧ್ಯವಾದುದೇ ನನಗೆ ದೊಡ್ಡದಾಗಿ ತೋರುತ್ತದೆ. ರೈಸ್ ಅವರು ಸಂಶಯಾಸ್ಪದವಾದುದನ್ನು ಮುಚ್ಚಿಡಲಿಲ್ಲ. ಯಾವ ತಾಲ್ಲೂಕು, ಯಾವ ಊರು ಎಂಬುದನ್ನು ಗುರುತಿಸಿ, ಅಂಕಿ ಕೊಟ್ಟು, ಮೂಲವನ್ನೂ ಅನುವಾದವನ್ನೂ ಅಚ್ಚು ಮಾಡಿಸಿದರು. ತಮ್ಮನ್ನು ಖಂಡಿಸುವವರಿಗೂ ಸಾಮಗ್ರಿಯನ್ನು ತಾವೇ ಒದಗಿಸಿದರು. ಆತಕೂರಿನ ಕಲ್ಲನ್ನೇ ನೋಡಿರಿ: ಬೂತುಗನು ಚೋಳ ರಾಜಾದಿತ್ಯನನ್ನು ಮೋಸದಿಂದ ಇರಿದನೆಂದು ವಿದ್ವಾಂಸರು ಮೊದಲು ಅರ್ಥಮಾಡಿದ್ದರು. ಅಕ್ಷರಗಳನ್ನು ಮತ್ತೆ ಪರಿಶೀಲಿಸಿದಾಗ ಆನೆಯ ಮೇಲಣ ಅಂಬಾರಿಯೇ ರಣರಂಗವಾಯಿತೆಂಬ ಅರ್ಥ ಹೊರಟಿತು. ಕಲ್ಲು ಉಳಿದಿದ್ದುದರಿಂದ ಸಾವಿರ ವರ್ಷದ ಹಿಂದಿನ ಅರಸನೊಬ್ಬನ ಮೇಲಣ ಕಳಂಕ ತೊಳೆಯಿತು.

ಇನ್ನು ನನ್ನ ತಪ್ಪು. ಕೆಲವು ವರ್ಷಗಳ ಹಿಂದೆ ಮಳವಳ್ಳಿಯ ಕಡೆಯ ಯಜಮಾನರೊಬ್ಬರು, ನನ್ನ ಶಿಷ್ಯನೊಬ್ಬನ ತಂದೆ, ಪಂಚೆಯ ತುಂಡಿನಲ್ಲಿ ಸುತ್ತಿದ್ದ ಒಂದು ತಾಮ್ರದ ಹಲಗೆಯನ್ನು ಮನೆಗೆ ತಂದರು. ಅದರಲ್ಲಿದ್ದುದು ಗಂಗರಸನ ಹೆಸರು. ಅಕ್ಷರವಾದರೋ ಇನ್ನೂರು ಮುನ್ನೂರು ವರ್ಷಗಳಿಗಿಂತ ಹಳೆಯದಲ್ಲ. ಎಂ. ಎ. ಓದಿದ ಹೆಮ್ಮೆಯಿಂದ, ಇದು ಖೋಟಾ, ಬೆಲೆಯಿಲ್ಲದ್ದು ಎಂದು ಹೇಳಿ ಹಿಂದಕ್ಕೆ ಕೊಟ್ಟೆ. ಆರು ತಿಂಗಳ ಮೇಲೆ ಅವರ ಊರಿಗೆ ಹೋದಾಗ ವಿಚಾರಿಸಿದೆ. ಮೇಷ್ಟರೇ ಬೆಲೆಯಿಲ್ಲವೆಂದ ಮೇಲೆ ಇಟ್ಟುಕೊಂಡು ಫಲವೇನೆಂದು ಅದನ್ನು ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕಿ ಹೊಸ ಕೊಳಗ ತಂದಿದ್ದರು. ಆ ಮನೆಯಲ್ಲಿ ಅದೇ ಕೊಳಗದಿಂದ ಮೊಗೆದ ನೀರನ್ನು ನನಗೆ ಕುಡಿಯಲು ಕೊಟ್ಟರು.

ಆ ಪಟ ಕಳೆದುಹೋದ ನಿಜವಾದ ದಾನಪತ್ರದ ಪ್ರತಿಯಾಗಿತ್ತೋ ಏನೋ. ಶುದ್ಧ ಸುಳ್ಳೇ ಆಗಿದ್ದರೂ ಯಾವ ಕಾಲದಲ್ಲಿ, ಯಾವ ಹೊಲಕ್ಕಾಗಿ, ಯಾರು ಸುಳ್ಳು ಹೇಳಬೇಕಾಯಿತೆಂಬುದಕ್ಕೆ ಅದೊಂದೇ ಸಾಕ್ಷಿ. ಸುಳ್ಳು ಶಾಸನವೂ ತನ್ನ ಕಾಲದ ಮಟ್ಟಿಗೆ ನಿಜವಾದ ಕಾಗದವೇ. ನಾನು ಒಂದು ಪ್ರತಿಯನ್ನೂ ತೆಗೆದುಕೊಂಡಿರಲಿಲ್ಲ. ನನ್ನ ತೀರ್ಪು ಸರಿಯೋ ತಪ್ಪೋ ಎಂದು ನೋಡಲು ಇನ್ನು ಯಾರಿಗೂ ಸಾಧ್ಯವಿಲ್ಲ.

ಈಗ ಯಾರಾದರೂ ಇಂಥ ವಸ್ತುವನ್ನು ತಂದರೆ, ಸಿಕ್ಕಿದ ಜಾಗ, ಅಳತೆ, ತೂಕಗಳನ್ನು ಮೊದಲು ಬರೆದುಕೊಳ್ಳುತ್ತೇನೆ, ಚಿತ್ರ ತೆಗೆಯುತ್ತೇನೆ, ಹುಣಿಸೆಹಣ್ಣು ಹಾಕಿ ತಿಕ್ಕಬೇಡಿರೆಂದು ಬೇಡಿಕೊಳ್ಳುತ್ತೇನೆ. ಅಭಿಪ್ರಾಯ ಆಮೇಲೆ. ನೆಲದಲ್ಲಿ ಸಿಕ್ಕಿದ್ದಾದರೆ ಸರ್ಕಾರಕ್ಕೆ ತಿಳಿಸಲು ಹೇಳುತ್ತೇನೆ. ಊರು ಹೇಳದ ಮಾರಾಟಗಾರನಿಂದ ಮಾತ್ರ ಏನನ್ನೂ ಕೊಳ್ಳುವುದಿಲ್ಲ. ಕೊಂಡರೆ ಕಳ್ಳನಿಗೂ ಖೋಟಾ ಮಾಡುವವನಿಗೂ ನಾನೇ ಕೂಲಿ ಕೊಟ್ಟಂತೆ.

ರೈಸ್ ಅವರು ೧೯೦೬ರಲ್ಲಿ ನಿವೃತ್ತರಾಗಿ, ೧೯೨೭ರ ಜುಲೈನಲ್ಲಿ, ತೊಂಬತ್ತು ತುಂಬಲು ಕೆಲವೇ ದಿನಗಳಿರುವಾಗ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಶಾಸನ ಪಿತಾಮಹರೆಂದು ನಾಡು ಅವರನ್ನು ಕರೆಯಿತು. ತಪ್ಪಿದ ಕಡೆಯೂ ಅವರು ತಿದ್ದಲು ಎಡೆಯಿಟ್ಟು ಹೋದರು. ನಾನು ಬಹುಶಃ ಸರಿಯಾಗಿಯೇ ಹೇಳಿದ್ದೆ. ಆದರೆ ತಿದ್ದಲು ಏನನ್ನೂ ಉಳಿಸಲಿಲ್ಲ.