ರಾಬರ್ಟ್ ಬ್ರೂಸ್ ಫೂಟ್ ಸಾಹೇಬರು

ನಮ್ಮ ಬಿಳಗಿ, ಸಿದ್ದಾಪುರ, ಶಿರಸಿಗಳ ಕಡೆಯಲ್ಲಿ ಮನೆಯ ಗೋಡೆಗೂ ಬಾವಿಯ ಕಟ್ಟೆಗೂ ಉಪಯೋಗಿಸುವ ಚಿರೆಕಲ್ಲನ್ನು ಅರಿಯದವರಿಲ್ಲ. ಅದೇ ಜಾತಿಯ ಕೆಂಪು ಜಲ್ಲಿಯೊಳಗಿಂದ ಭರತಖಂಡದ ಆದಿಮಾನವನ ಸುಳಿವನ್ನು ಹೊರತೆಗೆದ ಮಹನೀಯರೊಬ್ಬರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ. ಆದಿಕಾಂಡವನ್ನು ಓದಿ ಬೆಳೆದ ಬಾಲಿಕೆಯರು ಪಾಠದಲ್ಲಿ ನಿಯಾಂಡರ್ತಾಲ್ ಮಾನವನ ಹೆಸರನ್ನು ಕೇಳಿದೊಡನೆ, ಇವನು ಆದಾಮನ ಸಂತತಿಯವನೋ ಅಲ್ಲವೋ ಎಂದು ಪ್ರಶ್ನಿಸುವುದುಂಟು. ತಾಯಿತಂದೆಗಳು ಮಾತು ಮರೆಸುವುದೂ ಉಂಟು. ಮರೆಸಬೇಕಾದ ಕಾರಣವಿಲ್ಲವೆಂದು ನಮ್ಮ ಅಭಿಪ್ರಾಯ.

ಫೂಟ್ ಸಾಹೇಬರು 1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಜನಿಸಿ, 1858ರಲ್ಲಿ ಭಾರತದ ಭೂಗರ್ಭ ಸರ್ವೆ ಇಲಾಖೆಯನ್ನು ಸೇರಿದರು. ಸತ್ಯವೇದದ ತಮಿಳು ಭಾಷಾಂತರಕ್ಕಾಗಿ ದುಡಿದ ಪೀಟರ್ ಪರ್ಸಿವಲ್ ಪಾದ್ರಿಗಳು ಇವರ ಮಾವಂದಿರು. 1863ನೆಯ ಮೇ 30ರಂದು ಮದ್ರಾಸಿನ ಸಮೀಪದ ಪಲ್ಲಾವರದಲ್ಲಿ, ಜಲ್ಲಿ ತೆಗೆದ ಗುಂಡಿಯೊಂದರಲ್ಲಿ, ಇವರಿಗೆ ಒಂದು ಕಲ್ಲು ದೊರೆಯಿತು. ಇತರರು ದಾಟಿ ಹೋಗುವಂಥ ಕಲ್ಲು. ಇವರಾದರೋ ಅದರ ಅಂಚನ್ನು ನೋಡಿ, ಇದು ಮನುಷ್ಯನು ಕೆತ್ತಿದ ಕೈಗೊಡಲಿಯೆಂದು ಗುರುತಿಸಿದರು. ಆಗ ಆಂಗ್ಲ ಬೈಬಲುಗಳ ಅಂಚಿನಲ್ಲಿ ಸೃಷ್ಟಿಯ ಕಾಲವನ್ನು ಕ್ರಿ. ಪೂ. 4004 ಎಂದು ಅಚ್ಚುಹಾಕುವ ವಾಡಿಕೆಯಿತ್ತು. (ಆ ಸಂಖ್ಯೆಯು ಆರ್ಚ್‌ಬಿಷಪ್ ಅಷರರ ಲೆಕ್ಕವೇ ಹೊರತು ಸತ್ಯವೇದದ ವಾಕ್ಯವಲ್ಲ.) ಈ ಕಲ್ಲು ಆ ಲೆಕ್ಕದೊಳಗೆ ಹಿಡಿಸುವಂಥದಾಗಿರಲಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅತ್ತಿರಂಪಾಕ್ಕಂ ಎಂಬಲ್ಲಿ ಇವರೊಡನೆ ಮತ್ತಷ್ಟು ಆಯುಧಗಳನ್ನು ಕಂಡುಹಿಡಿದವರು ಸಹೋದ್ಯೋಗಿ ವಿಲಿಯಂ ಕಿಂಗ್ ಎಂಬುವರು. ಆಶ್ಚರ್ಯವೇನೆಂದರೆ, ಐರ್ಲೆಂಡಿನ ಗಾಲ್ವೆಯಲ್ಲಿ ಪ್ರೊಫೆಸರರಾಗಿದ್ದ ಇವರ ತಂದೆಯೇ, ಅದೇ 1863ರಲ್ಲಿ, ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ 1856ರಲ್ಲಿ ದೊರೆತ ಎಲುಬುಗಳು ಬೇರೊಂದು ಮಾನವಜಾತಿಯವೆಂದು ಸಾರಿ, ಅದಕ್ಕೆ ಈಗಿನ ಹೆಸರನ್ನಿಟ್ಟರು! ಆ ತಲೆಬುರುಡೆಯ ಆಕಾರವನ್ನು ನೋಡಿ, ಇವನಲ್ಲಿ ನೀತಿಬುದ್ಧಿಯಾಗಲಿ ದೇವರನ್ನರಿಯುವ ಶಕ್ತಿಯಾಗಲಿ ಇದ್ದಿರಲಾರದೆಂದು ಅವರು ಊಹಿಸಿದರು. ಹೀಗೆ ಬಾಗಿಲು ಮುಚ್ಚಿದರೆ ಆದಾಮನ ಮನೆ ಭದ್ರವಾಗಿರುವುದೆಂದು ಹಲವರಿಗೆ ತೋರಿದ್ದೀತು. ಆದರೆ ಹುಬ್ಬಿನ ಎಲುಬನ್ನು ಅಳೆದು ಆತ್ಮವನ್ನು ತೂಗುವುದು ನಮಗೆ ಸರಿಯೆಂದು ಕಾಣುವುದಿಲ್ಲ. 1908ರಲ್ಲಿ ಫ್ರಾನ್ಸಿನ ಲಾ ಶಪೆಲ್‌ನಲ್ಲಿ ಬೂಯಿಸೋನಿ ಸಹೋದರರೆಂಬ ಪಾದ್ರಿಗಳೇ ಇಂಥ ಮಾನವನ ಅಸ್ಥಿಪಂಜರವನ್ನು ತೆಗೆದು, ಅವನ ಬಂಧುಗಳು ಅವನನ್ನು ಹೂಳಿದ್ದರೆಂದು ತಿಳಿಸಿದರು. 2010ರಲ್ಲಿ ಸ್ವಾಂತೆ ಪಾಬೊ ಮತ್ತು ಸಂಗಡಿಗರು ಆ ಜನರ ವಂಶವಾಹಿಯನ್ನು ಓದಲಾಗಿ, ಆಫ್ರಿಕದ ಹೊರಗಿನ ಜನರೆಲ್ಲರಲ್ಲಿ, ಎಂದರೆ ನಮ್ಮಲ್ಲಿಯೂ, ಅದರ ನೂರರಲ್ಲಿ ಒಂದೆರಡು ಪಾಲು ಉಳಿದಿರುವುದು ತಿಳಿದುಬಂತು. ಹೊರಗಿನವನೆಂದು ಎಣಿಸಿದವನು ನಮ್ಮ ಪೂರ್ವಜರಲ್ಲಿಯೇ ಒಬ್ಬನು. ಎಲ್ಲ ಜನಾಂಗಗಳೂ ಒಂದೇ ಮೂಲದವೆಂಬ ಪೌಲನ ಬೋಧನೆಯನ್ನು ನಂಬುವವರಿಗೆ ಇದು ಎದೆಗೆಡಿಸುವ ಸುದ್ದಿಯೆ? ಆದಿಕಾಂಡವು ಮನುಷ್ಯನನ್ನು ನೆಲದ ಮಣ್ಣಿನಿಂದ ರೂಪಿಸಿದವರು ಯಾರೆಂದು ಹೇಳುತ್ತದೆ; ಎಷ್ಟು ಕಾಲ ಹಿಡಿಯಿತೆಂದು ಮಣ್ಣನ್ನೇ ಕೇಳಬೇಕು.

ಫೂಟ್ ಸಾಹೇಬರು ಜೀವಮಾನವಿಡೀ ಹಾಗೆ ಕೇಳುತ್ತ ನಡೆದರು. ಮಲಪ್ರಭೆಯ ಕಣಿವೆಯಲ್ಲಿಯೂ ಬಳ್ಳಾರಿಯ ಗುಡ್ಡಗಳಲ್ಲಿಯೂ ಅಲೆದು ಆಯುಧಗಳನ್ನು ಕೂಡಿಸಿದರು. ಹಕ್ಸ್ಲಿ ಪಂಡಿತರ ಸೂಚನೆಯ ಮೇರೆಗೆ 1884ರಲ್ಲಿ ಕರ್ನೂಲಿನ ಬಿಲ್ಲಸುರ್ಗಂ ಗುಹೆಗಳನ್ನು ತಮ್ಮ ಮಗನೊಡನೆ ಅಗೆಯಿಸಿದರು. ಮೃಗಗಳ ಎಲುಬುಗಳು ಹೇರಳವಾಗಿ ದೊರೆತವು; ಯೂರೋಪಿನಲ್ಲಿ ಸಿಕ್ಕಂಥ ಪುರಾತನ ಮಾನವನು ಮಾತ್ರ ದೊರೆಯಲಿಲ್ಲ. ಇಲ್ಲದುದನ್ನು ಇದೆಯೆನ್ನದೆ, ಕಂಡಷ್ಟನ್ನೇ ಬರೆದಿಟ್ಟರು.

1912ನೆಯ ಡಿಸೆಂಬರಿನಲ್ಲಿ ಅವರು ಕಲ್ಕತ್ತೆಯಲ್ಲಿ ದೈವಾಧೀನರಾದರು. ಅವರು ನೆಲೆಸಿದ್ದ ಏರ್ಕಾಡಿನ ಹೋಲಿ ಟ್ರಿನಿಟಿ ದೇವಾಲಯದಲ್ಲಿ ಅವರ ಸ್ಮಾರಕವಿದೆ. ಅವರು ಕೂಡಿಸಿದ ಕಲ್ಲುಗಳು ಮದ್ರಾಸಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದವು.